ಕಲ್ಲಾಫೀಸಿನ ಅತ್ತೆ

ನಮ್ಮ ಅತ್ತೆಯ ಬಲಗೈ ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಒದ್ದೆ ಅರಿವೆ ಹಿಂಡಿ ಹಿಂಡಿ, ಅದನ್ನು ಮುದ್ದೆ ಮಾಡಿ ಹಿಡಿದು ಹಿಡಿದು, ಕೈ ಅದೇ ಆಕಾರಕ್ಕೆ ನಿಂತುಬಿಟ್ಟಿತ್ತು. ಸುಮ್ಮನೆ ಕೂತಾಗಲೂ ಅಂಗೈಯೊಳಗೆ ಏನೋ ಹಿಡಿದುಕೊಂಡವರಂತೆ ಕಾಣುತ್ತಿದ್ದರು. ಆ ಕೈಯಿಂದ ಬಡಿದ ಜೋಳದ ರೊಟ್ಟಿ ಒಂದು ಅಂಚಿನಲ್ಲಿ ತೆಳ್ಳಗೆ, ಇನ್ನೊಂದು ಅಂಚಿನಲ್ಲಿ ದಪ್ಪ. ದಪ್ಪ ಅಂಚನ್ನು ಮುರಿದು ತಮ್ಮ ತಾಟಿಗೆ ಹಾಕಿಕೊಂಡು, ತೆಳ್ಳಗಿನದನ್ನು ನಮಗೆ ಕೊಡುತ್ತಿದ್ದರು.

ಮದುವೆಯಾಗಿ ಕಮಲಾಪುರಕ್ಕೆ ಬಂದ ಹೊಸದರಲ್ಲಿ, ಕೈಗೆ ಏನಾಗಿದೆ ಎಂದು ನನ್ನ ಗಂಡನನ್ನು ಕೇಳಿದ್ದೆ. ಅದು ಕಲ್ಲಾಫೀಸಿನ ಕೈ ಎಂದು ನಕ್ಕಿದ್ದ.

ಕಲ್ಲಾಫೀಸು ಎಂದರೆ ಕಲಬುರಗಿಯ ವಸ್ತುಸಂಗ್ರಹಾಲಯ. ಅಲ್ಲಿ ಅತ್ತೆ ಇಪ್ಪತ್ತೇಳು ವರ್ಷ ಕಸ ಹೊಡೆದು, ನೆಲ ಒರೆಸಿ, ಮೂರ್ತಿಗಳ ಧೂಳು ತೆಗೆದಿದ್ದರು. ಆ ಉದ್ದ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ. ಕಲ್ಲುಗಳಿರುವ ಆಫೀಸು, ಹಾಗಾಗಿ ಕಲ್ಲಾಫೀಸು. ಅವರ ಗಂಡ ಮಹಾಗಾಂವದಲ್ಲಿ ಕೂಲಿ ಮಾಡುತ್ತಿದ್ದವರು, ಮಗನಿಗೆ ಮೂರು ವರ್ಷವಿದ್ದಾಗ ತೀರಿಕೊಂಡರು. ಆಗ ಅತ್ತೆಗೆ ಇಪ್ಪತ್ತನಾಲ್ಕು. ಮಗನನ್ನು ಸೊಂಟದಲ್ಲಿ ಎತ್ತಿಕೊಂಡು ಕಲಬುರಗಿಯ ಪಕ್ಕದ ಕುಸನೂರಿಗೆ ಬಂದು, ಒಂದು ಖೋಲಿ ಹಿಡಿದು, ಯಾರೋ ಪರಿಚಯದವರ ಮೂಲಕ ಆ ಕೆಲಸಕ್ಕೆ ಸೇರಿದರು. ಮಗ ದೊಡ್ಡವನಾಗಿ ಕಮಲಾಪುರದಿಂದ ಕಲಬುರಗಿಯ ಮಾರುಕಟ್ಟೆಗೆ ಟೆಂಪೋದಲ್ಲಿ ಬಾಳೆಗೊನೆ ಸಾಗಿಸತೊಡಗಿದ ಮೇಲೆ, ಕೆಲಸ ಬಿಟ್ಟು ಅವನ ಜೊತೆ ಕಮಲಾಪುರದ ಬಾಡಿಗೆ ಮನೆಗೆ ಬಂದರು.

ಅವರಿಗೆ ಓದು ಬರುತ್ತಿರಲಿಲ್ಲ. ಮೂರ್ತಿಗಳ ಕೆಳಗೆ ಬರೆದ ಹೆಸರುಗಳನ್ನು ಓದಲಾರದೆ ತಾವೇ ಹೆಸರಿಟ್ಟಿದ್ದರು. ಮೂಗಿಲ್ಲದಾಕಿ, ಸಿಟ್ಟಿನಾಂವ, ಹೊಟ್ಟಿ ಸಾಹೇಬ. ಭೀಮಾ ನದಿಯ ದಂಡೆಯಿಂದ ತಂದ ಬಿಳಿಗಲ್ಲಿನ ತುಂಡೊಂದಿತ್ತಂತೆ, ಅದು ಬೆಳ್ಳನ್ನಾಕಿ. ಸಂಜೆ ತೊಗರಿಬೇಳೆ ಆರಿಸುತ್ತ ಇವರೆಲ್ಲರ ಸುದ್ದಿ ಹೇಳುತ್ತಿದ್ದರು, ನೆರೆಮನೆಯವರ ಸುದ್ದಿ ಹೇಳಿದ ಹಾಗೆ. ಯಾರ ಕಿವಿಯ ಸಂದಿಯಲ್ಲಿ ಜೇಡ ಬಲೆ ಕಟ್ಟುತ್ತಿತ್ತು, ಯಾರ ಬೆನ್ನು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು ಎಂದೆಲ್ಲ. ನಾನು ಹೂಂ ಹೂಂ ಅನ್ನುತ್ತ ಶಾಲೆಯ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಆಗಲೇ ನಾನು ಕಮಲಾಪುರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ.

ಅತ್ತೆಯದು ಇನ್ನೊಂದು ರೂಢಿ. ಏನು ಕೇಳಿದರೂ ಮೊದಲು ಬರುತ್ತಿದ್ದ ಉತ್ತರ ಒಂದೇ, ನೋಡೋಣ ಅನ್ನುವ ಅರ್ಥದ “ನೋಡಮ್.” ಸಂತೆಗೆ ಹೋಗೋಣವೇ ಎಂದರೆ ನೋಡಮ್. ಗೋಡೆಗೆ ಸುಣ್ಣ ಹಚ್ಚಿಸೋಣವೇ ಎಂದರೆ ನೋಡಮ್. ಆಮೇಲೆ ಎರಡು ದಿನ, ನಾಲ್ಕು ದಿನ ಆ ಮಾತೇ ಎತ್ತುತ್ತಿರಲಿಲ್ಲ. ಮರೆತರು ಅಂದುಕೊಳ್ಳುವಷ್ಟರಲ್ಲಿ ಒಂದು ಬೆಳಿಗ್ಗೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು.

ಮದುವೆಯಾದ ನಾಲ್ಕನೆಯ ವರ್ಷ ನನ್ನ ಗಂಡ ಸತ್ತ. ಕಾಮಾಲೆ ಎಂದುಕೊಂಡು ಮೊದಲು ಗಿಡಮೂಲಿಕೆ ಔಷಧ, ಆಮೇಲೆ ಕಲಬುರಗಿಯ ಆಸ್ಪತ್ರೆ. ಹದಿನಾರು ದಿನದಲ್ಲಿ ಮುಗಿಯಿತು. ನಮಗೆ ಮಕ್ಕಳಿರಲಿಲ್ಲ.

ನನಗೆ ಅಳು ಬರಲಿಲ್ಲ. ಇದನ್ನು ಹೇಗೆ ಹೇಳಬೇಕೋ ಈಗಲೂ ತಿಳಿಯದು. ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಿದ್ದೆ. ಒಲೆಯ ಮುಂದೆ ನಿಂತು ಹಾಲು ಉಕ್ಕಿ ಚೆಲ್ಲುವುದನ್ನು ನೋಡುತ್ತಿದ್ದೆ, ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಶಾಲೆಗೆ ಹೋದರೆ, ಟೀಚರ್ ಈ ಲೆಕ್ಕ ನಿನ್ನೆನೂ ಹೇಳಿದ್ರಿ, ಮೊನ್ನೆನೂ ಹೇಳಿದ್ರಿ ಎಂದು ಮಕ್ಕಳು ಅನ್ನುತ್ತಿದ್ದರು. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಮಾತಾಡಿಸಲು ಬಂದ ಹೆಂಗಸರು ನನ್ನ ಒಣಗಿದ ಕಣ್ಣು ನೋಡಿ, ಹೊರಗೆ ಹೋಗಿ ಮಾತಾಡಿಕೊಂಡರು. ಒಬ್ಬಾಕೆ ಅತ್ತೆಯ ಎದುರಿಗೇ ಅಂದಳು, ಕಲ್ಲಿನಂಥಾಕಿ ಎಂದು.

ಅತ್ತೆ ತಲೆ ಎತ್ತದೆ ಹೇಳಿದರು, “ಕಲ್ಲು ನೀ ಎಷ್ಟು ಮುಟ್ಟಿ ನೋಡಿದ್ದಿ?”

ಆ ಹೆಂಗಸು ಮತ್ತೆ ಬರಲಿಲ್ಲ. ಅತ್ತೆ ಅತ್ತದ್ದನ್ನೂ ನಾನು ನೋಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ, ಒಬ್ಬನನ್ನೇ ಕಳೆದುಕೊಂಡು, ಹೊತ್ತು ಹೊತ್ತಿಗೆ ಉಂಡು ಮಲಗುತ್ತಿದ್ದೆವು. ಹೀಗೆ ಒಂದು ವರ್ಷದ ಮೇಲೆ ಎರಡು ತಿಂಗಳಾಯಿತು.

ಆ ಹೊತ್ತಿಗೆ ನಮ್ಮ ಶಾಲೆಯ ಗಣಿತದ ಮಾಸ್ತರರು ಹೆಡ್‌ಮಿಸ್ಟ್ರೆಸ್ ಮೂಲಕ ಒಂದು ಮಾತು ಕೇಳಿಸಿದರು. ನಮ್ಮ ಕಡೆಯವರೇ, ನನಗಿಂತ ಆರು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ನನ್ನನ್ನು ಮದುವೆಯಾಗಲು ಅವರಿಗೆ ಮನಸ್ಸಿದೆ, ಒತ್ತಾಯವಿಲ್ಲ, ಎಂದು ಹೆಡ್‌ಮಿಸ್ಟ್ರೆಸ್ ತಮ್ಮ ಕೋಣೆಗೆ ಕರೆದು ಹೇಳಿದರು. ನಾನು ಬೇಡ ಎಂದೆ. ಸಿಟ್ಟಿನಿಂದಲ್ಲ, ನಾಚಿಕೆಯಿಂದಲ್ಲ. ಚಹಾ ಬೇಕೇ ಎಂದು ಕೇಳಿದರೆ ಬೇಡ ಅನ್ನುವ ಹಾಗೆ ಅಂದೆ, ಅಂದು ತರಗತಿಗೆ ಹೋದೆ. ಮನೆಯಲ್ಲಿ ಹೇಳಲಿಲ್ಲ. ಆದರೆ ಹೆಡ್‌ಮಿಸ್ಟ್ರೆಸ್ ಸಂತೆಯಲ್ಲಿ ಅತ್ತೆಯನ್ನು ಕಂಡು ಎಲ್ಲ ಹೇಳಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ.

ಎಂಟು ದಿನ ಅತ್ತೆ ಆ ಮಾತು ಎತ್ತಲಿಲ್ಲ. ಒಂದು ರವಿವಾರ ನಾನು ಏಳುವಷ್ಟರಲ್ಲಿ ಬುತ್ತಿ ಕಟ್ಟಿ, ನಾಲ್ಕು ಕೆಂಪು ಬಾಳೆಹಣ್ಣು ಚೀಲದಲ್ಲಿ ಹಾಕಿ, ನೀಲಿ ಸೀರೆ ಉಟ್ಟು ಕೂತಿದ್ದರು. ಕಲಬುರಗಿಗೆ ಹೋಗಮ್ ನಡಿ, ನೀ ಕಲ್ಲಾಫೀಸು ನೋಡೇ ಇಲ್ಲ ಎಂದರು. ಯಾಕೆ ಎಂದು ಕೇಳುವಷ್ಟು ಆಸಕ್ತಿಯೂ ನನ್ನಲ್ಲಿ ಇರಲಿಲ್ಲ. ಹೋದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನು ಕೂಡಿಸಿದರು. ಮಹಾಗಾಂವ ದಾಟುವಾಗ ಆ ಕಡೆ ನೋಡಲಿಲ್ಲ. ಅವರ ಗಂಡನನ್ನೂ ಮಗನನ್ನೂ ಹೂಳಿದ ಊರು ಅದು. ಕಲಬುರಗಿಯಲ್ಲಿ ಇಳಿದು ಆಟೋದಲ್ಲಿ ಹೋಗುವಾಗ, ಶರಣಬಸವೇಶ್ವರ ಗುಡಿಯ ಹತ್ತಿರ ಒಂದು ಬ್ಯಾನರ್ ಕಟ್ಟಿದ್ದರು. ಚಿತ್ರದ ಪ್ರದರ್ಶನ ಅಂತ ಬರೆದಿದೆ ಎಂದು ನಾನು ಓದಿದೆ, ಎದುರಿಗೆ ಕಂಡದ್ದನ್ನು ಓದುವ ಚಾಳಿಗೆ. ಅತ್ತೆ ಆಟೋ ನಿಲ್ಲಿಸಿದರು. ಕಲ್ಲು ಬಹಳ ನೋಡೀನಿ, ಬಣ್ಣ ನೋಡಿಲ್ಲ ಎಂದರು.

ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರ ಪ್ರದರ್ಶನ ಅದು. ಉದ್ದನೆಯ ಕೋಣೆ, ನಾವಿಬ್ಬರು ಬಿಟ್ಟರೆ ನೋಡುವವರು ಯಾರೂ ಇರಲಿಲ್ಲ. ಅತ್ತೆ ಪ್ರತಿ ಚಿತ್ರದ ಮುಂದೆಯೂ ಒಂದೇ ಅಳತೆಯ ಹೊತ್ತು ನಿಂತರು, ಯಾರಿಗೂ ಹೆಚ್ಚು ಕಡಿಮೆ ಮಾಡಬಾರದು ಅನ್ನುವ ಹಾಗೆ. ಎತ್ತು, ಕೋಟೆ, ನೀರು ಹೊರುವ ಹೆಂಗಸರು, ಬುದ್ಧನ ಮುಖ. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿತ್ತು. ಕೊನೆಯಲ್ಲಿ ಒಂದು ದೊಡ್ಡ ಚಿತ್ರವಿತ್ತು. ಅದರಲ್ಲಿ ಏನೂ ಇರಲಿಲ್ಲ. ಇಡೀ ಬಟ್ಟೆಯ ತುಂಬ ಬೂದಿ ಬಣ್ಣ, ಕೆಳಗೆ ಸಣ್ಣದೊಂದು ಗೆರೆ. ಅದನ್ನು ಬರೆದ ಹುಡುಗಿ ಪಕ್ಕದಲ್ಲೇ ನಿಂತಿದ್ದಳು.

“ಇದರಾಗ ಏನದ ಯವ್ವಾ?” ಎಂದು ಅತ್ತೆ ಕೇಳಿದರು.

“ನಮ್ಮೂರಿನ ಬ್ಯಾಸಗಿ ಮಧ್ಯಾಹ್ನ ರೀ” ಎಂದಳು ಹುಡುಗಿ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಬಹಳ ಹೊತ್ತು ನೋಡಿ, ಖರೇ ಅದ, ಎರಡು ಗಂಟೆಗೆ ಹಿಂಗೇ ಕಾಣ್ತದ ಎಂದರು. ನಾನೂ ನಿಂತೆ. ಅಷ್ಟು ಚಿತ್ರಗಳಲ್ಲಿ ಅದೊಂದೇ ನನ್ನ ಕಣ್ಣಿಗೆ ಭಾರವಾಗಲಿಲ್ಲ.

ಹೊರಡುವಾಗ ಆ ಹುಡುಗಿ ಒಂದು ದಪ್ಪ ಪುಸ್ತಕ ತಂದು, ನಿಮಗೇನು ಅನ್ನಿಸಿತೋ ಬರೆಯಿರಿ ಎಂದಳು. ಅತ್ತೆ ನನ್ನ ಕೈಗೆ ಪೆನ್ನು ಕೊಡಿಸಿದರು. ಏನು ಬರೆಯಲಿ ಎಂದು ಕೇಳಿದೆ. ಚಿತ್ರ ಎಲ್ಲಾ ಛಲೋ ಅವ, ಎಡಗಡೆ ಮೂಲ್ಯಾಗ ಕಸ ಅದ ಅಂತ ಬರಿ ಎಂದರು. ಇದ್ದದ್ದನ್ನು ಇದ್ದ ಹಾಗೇ ಬರೆದೆ. ಹುಡುಗಿ ಓದಿ, ನಾಲಿಗೆ ಕಚ್ಚಿಕೊಂಡು ಕಸಬರಿಗೆ ಹುಡುಕಲು ಓಡಿದಳು. ಬೇರೆ ದಿನಗಳಲ್ಲಾದರೆ ನಾನು ನಗುತ್ತಿದ್ದೆ. ನಗಬೇಕಾದ ಜಾಗ ಇದು ಎಂದು ಮಾತ್ರ ಗೊತ್ತಾಯಿತು.

ಅಲ್ಲಿಂದ ಕಲ್ಲಾಫೀಸಿಗೆ. ಟಿಕೆಟ್ ಕಿಟಕಿಯಲ್ಲಿ ಕೂತವನು ಹೊಸಬ, ಅತ್ತೆಯ ಗುರುತು ಅವನಿಗಿರಲಿಲ್ಲ. ನೀವು ಇಲ್ಲೇ ಕೆಲಸ ಮಾಡಿದವರು ಅಂತ ಹೇಳಲೇ ಎಂದು ನಾನು ಕೇಳಿದೆ. ಬೇಡ ಎಂದರು. ಎರಡು ಟಿಕೆಟ್ ತಾವೇ ಕೇಳಿ ತೆಗೆದುಕೊಂಡು, ಒಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಬಾಗಿಲಲ್ಲಿ ನಿಂತರು. ಕೆಲಸದ ದಿನಗಳಲ್ಲೆಲ್ಲ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಿದ್ದರಂತೆ. ಇವತ್ತು ನೋಡುವ ಮಂದಿ ಬರುವ ಹಾಗೆ ಹಾಕಿಕೊಂಡೇ ಬರುತ್ತೇನೆ ಎಂದು ನಾಲ್ಕು ಹೆಜ್ಜೆ ನಡೆದರು. ನೆಲ ನೋಡಿದರು. ವಾಪಸು ಹೋಗಿ ಚಪ್ಪಲಿ ಬಿಟ್ಟು ಬಂದರು. ಯಾರೋ ಈಗಷ್ಟೇ ಒರಸ್ಯಾರ ಎಂದರು.

ಒಳಗೆ ತಂಪಿತ್ತು. ಮೂಗಿಲ್ಲದಾಕಿ, ಸಿಟ್ಟಿನಾಂವ, ಹೊಟ್ಟಿ ಸಾಹೇಬ, ಎಲ್ಲರನ್ನೂ ನನಗೆ ತೋರಿಸಿದರು. ಕೆಲವರ ಜಾಗ ಬದಲಾಗಿತ್ತು. ಬೆಳ್ಳನ್ನಾಕಿಯ ಹತ್ತಿರ ಬಂದಾಗ ಅವರ ದನಿ ಇಳಿಯಿತು. ಮರದ ಕೆಳಗೆ ನಿಂತ ಒಬ್ಬ ಹೆಂಗಸು, ತಲೆ ಒಡೆದುಹೋಗಿದೆ, ಎತ್ತಿದ ಒಂದು ಕೈ ಮಾತ್ರ ಕೊಂಬೆಯನ್ನು ಹಿಡಿದಿದೆ. ಆ ಮೊಣಕೈಯ ಮಡಿಕೆಯಲ್ಲಿ ಧೂಳು ಕೂತಿತ್ತು. ಅತ್ತೆ ಯೋಚಿಸಲೇ ಇಲ್ಲ. ಸೆರಗನ್ನು ಬೆರಳಿಗೆ ಸುತ್ತಿ ಒರೆಸಲು ಕೈ ಚಾಚಿದರು.

ಹಿಂದಿನಿಂದ ಕಾವಲುಗಾರ ಬಂದ. “ಅಮ್ಮಾ, ಮುಟ್ಟಬ್ಯಾಡ್ರಿ. ಸರದು ನಿಂದ್ರಿ” ಎಂದ. ಒರಟಾಗಿಯೇನೂ ಅಲ್ಲ.

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಆ ಅರ್ಧ ಮಡಿಚಿದ ಕೈ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ದನಿ ಏರಿತು. ಇವರು ಯಾರು ಗೊತ್ತೇನು ನಿಮಗೆ, ಇಲ್ಲಿನ ಒಂದೊಂದು ಕಲ್ಲನ್ನೂ ಇಪ್ಪತ್ತೇಳು ವರ್ಷ ಇವರೇ ಒರೆಸಿದ್ದಾರೆ ಎಂದೆ. ಅವನು ಗಲಿಬಿಲಿಯಾಗಿ ಅತ್ತೆಯ ಮುಖ ನೋಡಿದ. ಅತ್ತೆ ನನ್ನ ತೋಳು ಹಿಡಿದರು.

“ಅಂವ ತನ್ನ ಕೆಲಸ ಮಾಡಾಕತ್ತಾನ. ಇವತ್ತ ನಾ ಟಿಕೆಟ್ ತಗೊಂಡು ಬಂದಾಕಿ” ಎಂದರು. ಅವನಿಗೆ, ತಪ್ಪಾಯ್ತಪ್ಪ ಎಂದು ಹೇಳಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಉಳಿದ ಕಲ್ಲುಗಳನ್ನೆಲ್ಲ ಹಾಗೇ ನೋಡಿದರು.

ಹೊರಗೆ ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ಉಂಡ ಮೇಲೆ ಬಾಳೆಹಣ್ಣು ಸುಲಿದು ನನ್ನ ಕೈಗೆ ಕೊಟ್ಟು, ಅತ್ತೆ ಕಟ್ಟಡದ ಗೋಡೆ ನೋಡುತ್ತ ಮಾತು ಶುರುಮಾಡಿದರು. ಅವರು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಮೂರ್ತಿಗಳಿಗೆ ಕಟ್ಟೆ ಕಟ್ಟಲು ಒಬ್ಬ ಗೌಂಡಿ ಬಂದಿದ್ದನಂತೆ. ಒಂದು ಮಳೆಗಾಲ ಪೂರ್ತಿ ಇಲ್ಲೇ ಕೆಲಸ ಮಾಡಿದ. ಬೆಳ್ಳನ್ನಾಕಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿದ್ದು ಅವನೇ. ಇದೇ ಗಿಡದ ಕೆಳಗೆ ಉಣ್ಣುತ್ತಿದ್ದ, ಅತ್ತೆಯ ಮಗನಿಗೆ ಸಣ್ಣ ಕಲ್ಲಿನಲ್ಲಿ ಎತ್ತು ಕೆತ್ತಿ ಕೊಟ್ಟಿದ್ದ. ಕೆಲಸ ಮುಗಿಯುವ ವಾರ, ನಿನ್ನನ್ನೂ ಮಗನನ್ನೂ ಕರೆದುಕೊಂಡು ಹೋಗುತ್ತೇನೆ, ಬರುತ್ತೀಯಾ ಎಂದು ಕೇಳಿದ. ಅತ್ತೆ ಬೇಡ ಎಂದರು. ಅವನು ಮತ್ತೆ ಕೇಳಲಿಲ್ಲ, ಆಮೇಲೆ ಕಾಣಲೂ ಇಲ್ಲ.

ಐದು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ನಾನು ಕೇಳಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

“ನಾ ಬ್ಯಾಡ ಅಂದದ್ದು ತಪ್ಪಂತ ಹೇಳಂಗಿಲ್ಲ” ಎಂದರು ಅತ್ತೆ. “ಮಗನ ಸಂಗಾಟ ದಿನಾ ಹ್ವಾದ್ವು. ಆದ್ರ ಹೂಂ ಅಂದ್ರೂ ನಡೀತದ ಅಂತ ನನಗ ಒಬ್ಬರೂ ಹೇಳಲಿಲ್ಲ ನೋಡು. ನಮ್ಮವ್ವ ಹೇಳಲಿಲ್ಲ, ನಮ್ಮ ಅತ್ತಿ ಹೇಳಲಿಲ್ಲ. ಅದಕ್ಕ ನಾ ನಿನಗ ಹೇಳಾಕತ್ತೀನಿ. ಆ ಮಾಸ್ತರ್‌ಗೆ ಹೂಂ ಅನ್ನು.”

ನನಗೆ ಆಶ್ಚರ್ಯವಾಗಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: “ನನಗ ಏನೂ ಅನಸಂಗೇ ಇಲ್ಲ ಅತ್ತಿ. ಅವರ ಮ್ಯಾಲೂ ಇಲ್ಲ, ಯಾರ ಮ್ಯಾಲೂ ಇಲ್ಲ.”

“ಹಸಿವಿ ಆಗಂಗಿಲ್ಲ ಅಂತ ಊಟ ಬಿಟ್ಟಿಯೇನು ಇಷ್ಟು ದಿವಸ? ಉಂಡಿ ಇಲ್ಲ?” ಎಂದರು. ಹಣ್ಣಿನ ಸಿಪ್ಪೆ ಚೀಲಕ್ಕೆ ಹಾಕಿಕೊಳ್ಳುತ್ತ, “ಮೊದಲ ಅಂವಗ ಹೇಳು, ನನಗ ಏನೂ ಅನಸಂಗಿಲ್ಲ ಅಂತ. ಕೇಳಿ ಅಂವ ಓಡಿ ಹೋದ್ರ ಹೋಗ್ಲಿ. ನಿಂತ್ರ ನೋಡಮ್” ಎಂದರು.

ನಾನು ಹಾಗೇ ಮಾಡಿದೆ. ಶಾಲೆಯ ವರಾಂಡದಲ್ಲಿ ನಿಂತು ಮಾಸ್ತರರಿಗೆ ಇದ್ದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಚಾಕ್ ಕಿಸೆಗೆ ಹಾಕಿಕೊಂಡು, ಅವಸರವಿಲ್ಲ ರೀ ಎಂದರು. ಓಡಿ ಹೋಗಲಿಲ್ಲ. ಇನ್ನೂ ಏಳು ತಿಂಗಳು ಕಾದರು.

ಸುದ್ದಿ ಮಹಾಗಾಂವಕ್ಕೆ ಮುಟ್ಟಿತು. ಅತ್ತೆಯ ಮೈದುನ, ನನಗೆ ಚಿಕ್ಕಮಾವ ಆಗಬೇಕಾದವರು, ಬೈಕ್ ಹತ್ತಿ ಬಂದರು. ಕೆಟ್ಟವರಲ್ಲ, ನನ್ನ ಗಂಡ ಸತ್ತಾಗ ಎಲ್ಲ ಓಡಾಟ ಅವರೇ ಮಾಡಿದ್ದರು. ಆದರೆ ಇದು ಅವರಿಗೆ ಒಪ್ಪಿಗೆಯಾಗಲಿಲ್ಲ. ಬೇರೆಯವರ ಮನೆಯ ಹೆಣ್ಣುಮಗಳಿಗೆ ಮದುವೆ ಬೇಕಾದರೆ ತವರಿನವರು ಮಾಡಲಿ, ಸತ್ತ ಮಗನ ಹೆಂಡತಿಗೆ ತಾಯಿಯೇ ನಿಂತು ಮದುವೆ ಮಾಡುವುದೇನು ಎಂದರು. ತವರು ಎಂದರೆ ನನಗಿದ್ದದ್ದು ಅಣ್ಣನೊಬ್ಬ. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೊನೆಗೆ ಚಿಕ್ಕಮಾವ ಕೇಳಿದರು, “ಈಕಿ ಹೋದ ಮ್ಯಾಲ ನಿಮ್ಮನ್ನ ಯಾರ ನೋಡ್ತಾರ ವೈನಿ?”

“ನನ್ನ ನೋಡಲಿಕ್ಕಂತ ಆಕಿ ಹುಟ್ಟಿಲ್ಲ” ಎಂದರು ಅತ್ತೆ.

ಚಿಕ್ಕಮಾವ ಚಹಾ ಕುಡಿಯದೆ ಎದ್ದರು. ಆಮೇಲೆ ವರ್ಷಗಟ್ಟಲೆ ನಮ್ಮ ಬಾಗಿಲಿಗೆ ಬರಲಿಲ್ಲ.

ಕಲಬುರಗಿಯ ಒಂದು ಬುದ್ಧವಿಹಾರದಲ್ಲಿ ಹದಿನೈದು ಜನರ ಮುಂದೆ ನನ್ನ ಮದುವೆಯಾಯಿತು. ತಾಯಿ ನಿಲ್ಲುವ ಜಾಗದಲ್ಲಿ ಅತ್ತೆ ನಿಂತಿದ್ದರು. ಕಮಲಾಪುರದಲ್ಲಿ ಅದೇ ಓಣಿಯಲ್ಲಿ, ಮೂರು ಮನೆ ಆಚೆ, ನಾವು ಮನೆ ಮಾಡಿದೆವು. ಅಲ್ಲಿಗೆ ಸಾಮಾನು ಸಾಗಿಸುವಾಗ ನಾನು ನನ್ನ ಮೊದಲ ಗಂಡನ ಫೋಟೋ ಇಳಿಸಲು ಹೋದೆ. ಒಯ್ಯಬೇಕೋ ಬಿಡಬೇಕೋ ತಿಳಿಯದೆ ಗೋಡೆಯ ಮುಂದೆ ನಿಂತಿದ್ದೆ. ಅತ್ತೆ ಬಂದು ನನ್ನ ಕೈ ಸರಿಸಿ, “ಅಂವ ನನ್ನ ಕಡೆ ಇರ್ಲಿ. ನೀ ಹೋಗು” ಎಂದರು.

ನಮ್ಮ ಮಾತಿನಲ್ಲಿ ಗಂಡನ ತಾಯಿಯೂ ಅತ್ತಿ, ಹೆಂಡತಿಯ ತಾಯಿಯೂ ಅತ್ತಿ. ಹಾಗಾಗಿ ನಾನೂ ಅತ್ತಿ ಅನ್ನುತ್ತಿದ್ದೆ, ಮಾಸ್ತರರೂ ಅತ್ತಿ ಅನ್ನುತ್ತಿದ್ದರು, ಇಬ್ಬರದ್ದೂ ಸರಿಯಾಗಿಯೇ ಇತ್ತು. ಮಗಳು ಹುಟ್ಟಿದಾಗ ಅವಳಿಗೆ ಎಣ್ಣೆ ನೀರು ಎರೆದದ್ದು ಅತ್ತೆ. ವರ್ಷಕ್ಕೆ ಒಂದೆರಡು ಸಲ ನಾವೆಲ್ಲ ಕಲಬುರಗಿಗೆ ಹೋಗಿ, ಎಲ್ಲಾದರೂ ಚಿತ್ರವಿಟ್ಟಿದ್ದರೆ ನೋಡಿ, ಕಲ್ಲಾಫೀಸು ನೋಡಿ, ಅದೇ ಬೇವಿನ ಗಿಡದ ಕೆಳಗೆ ಉಂಡು ಬರುತ್ತಿದ್ದೆವು. ನನ್ನೊಳಗಿನ ಜಡ ಒಂದು ದಿನ ಹೋಯಿತು ಎಂದು ಹೇಳಲಾರೆ. ಸ್ವಲ್ಪ ಸ್ವಲ್ಪ ಸರಿಯಿತು, ಪೂರ್ತಿ ಹೋಗಲಿಲ್ಲ. ಒಂದು ದಿನ ಮಾಸ್ತರರು ಶಾಲೆಯಿಂದ ತಡವಾಗಿ ಬಂದಾಗ ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಎಂದು ಗೊತ್ತಾದದ್ದು ಅವರು ಬಂದ ಮೇಲೆ.

ಹೋದ ವರ್ಷ ಚಳಿಗಾಲದಲ್ಲಿ ಅತ್ತೆಗೆ ಉಸಿರಾಟದ ತೊಂದರೆಯಾಯಿತು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ಫಾರ್ಮ್ ತುಂಬುವ ಹೆಣ್ಣುಮಗಳು ನೀವೇನಾಗಬೇಕು ಎಂದಳು. ಸೊಸೆ ಎಂದೆ. ನಿಮ್ಮ ಪಕ್ಕದವರು ಎಂದಳು. ಮಾಸ್ತರರು, ಈಕೆಯ ಗಂಡ, ಅವರಿಗೆ ಅಳಿಯ ಎಂದರು. ಅವಳು ಪೆನ್ನು ಎತ್ತಿ, ಇಬ್ಬರೂ ಗಂಡ ಹೆಂಡತಿ ಅಂದ್ರಿ, ಅದು ಹ್ಯಾಂಗ್ ಆಗ್ತದ್ರಿ, ಒಂದು ಖರೇ ಹೇಳ್ರಿ ಎಂದಳು. “ಎರಡೂ ಖರೇನೇ ರೀ” ಎಂದರು ಮಾಸ್ತರರು. ಪರದೆಯ ಆಚೆ ಮಲಗಿದ್ದ ಅತ್ತೆ ಕೆಮ್ಮಿದರು. ನಕ್ಕರು ಅನ್ನಿಸುತ್ತದೆ.

ಹನ್ನೊಂದನೆಯ ದಿನ ಬೆಳಿಗ್ಗೆ, ನಾನು ಗಂಜಿ ಆರಿಸುತ್ತ ಕೂತಿದ್ದಾಗ, ಹೋಗಿಬಿಟ್ಟರು. ನಾನು ಇನ್ನೂ ಎರಡು ಸಲ ಚಮಚದಿಂದ ಗಂಜಿ ತಿರುವಿದೆ, ಆಮೇಲೆ ನರ್ಸನ್ನು ಕರೆದೆ.

ಮಹಾಗಾಂವಕ್ಕೆ ಒಯ್ದೆವು. ಅವರ ಗಂಡ, ಮಗ ಇಬ್ಬರೂ ಇದ್ದ ಜಾಗದ ಪಕ್ಕದಲ್ಲಿ ಕುಣಿ ತೆಗೆದಿದ್ದರು. ಚಿಕ್ಕಮಾವ ಮುಂಜಾನೆಯಿಂದಲೂ ಅಲ್ಲೇ ನಿಂತು ತೆಗೆಸಿದ್ದರು. ನನ್ನ ಜೊತೆ ಮಾತಾಡಿರಲಿಲ್ಲ. ಮೊದಲ ಹಿಡಿ ಮಣ್ಣು ಮಗ ಹಾಕಬೇಕು, ಮಗ ಇಲ್ಲ. ಯಾರು ಹಾಕಬೇಕೆಂದು ಹಿರಿಯರು ಮುಖ ಮುಖ ನೋಡಿಕೊಂಡರು. ಮೈದುನನೇ ಹಾಕಲಿ ಎಂದು ಯಾರೋ ಅಂದರು. ಚಿಕ್ಕಮಾವ ಬಗ್ಗಿ ಮಣ್ಣು ಎತ್ತಿಕೊಂಡರು. ಆಮೇಲೆ ಹೆಂಗಸರ ನಡುವೆ ನಿಂತಿದ್ದ ನನ್ನ ಹತ್ತಿರ ಬಂದು, ಆ ಮಣ್ಣನ್ನು ನನ್ನ ಕೈಗೆ ಸುರಿದರು.

“ನೀನ ಹಾಕು ಯವ್ವಾ. ವೈನಿಗೆ ಮತ್ಯಾರ ಅದಾರ” ಎಂದರು.

ಹಾಕಿದೆ. ಆಗಲೂ ಅಳು ಬರಲಿಲ್ಲ. ನನ್ನ ಹಿಂದೆ ಯಾರು ಯಾರು ಹಾಕಿದರೋ ನೋಡಲಿಲ್ಲ.

ಈಗ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಗದ್ದಲ ಬಹಳ. ಮಗಳ ಒಂದು ಕಾಲುಚೀಲ ಸಿಗುವುದಿಲ್ಲ, ಮಾಸ್ತರರು ಕನ್ನಡಕ ಹುಡುಕುತ್ತ ನನ್ನನ್ನೇ ಬೈಯುತ್ತಾರೆ, ನಾನು ಇಬ್ಬರಿಗೂ ಉತ್ತರ ಕೊಡುತ್ತ ಡಬ್ಬಿ ಕಟ್ಟುತ್ತಿರುತ್ತೇನೆ. ಒಮ್ಮೊಮ್ಮೆ ನಡುವೆ ಕೈ ನಿಲ್ಲುತ್ತದೆ. ಇದನ್ನೆಲ್ಲ ನಾನು ಬೇಡ ಎಂದಿದ್ದೆ. ಬೇಕು ಅನ್ನಬಹುದು ಎಂದು ನನಗೆ ಹೇಳಿದವರು, ನನ್ನ ಮೊದಲ ಗಂಡನನ್ನು ಹೆತ್ತ ತಾಯಿ.